ಸಂಜೆಯಾದರೆ ಜೋತು ಬೀಳುವ ರೆಪ್ಪೆ: ಮಯಸ್ತೇನಿಯಾ ಗ್ರೇವಿಸ್ ಹಿಡಿಯುವುದು ಹೇಗೆ, ಚಿಕಿತ್ಸೆ ಹೇಗೆ

ನಮ್ಮ ಚಿಕ್ಕಮ್ಮನ ಎಡಗಣ್ಣಿನ ರೆಪ್ಪೆ ಸಂಜೆಯಾದರೆ ಜೋತು ಬೀಳುತ್ತಿತ್ತು. ಬೆಳಿಗ್ಗೆ ಎದ್ದಾಗ ನೋಡಿದರೆ ಎಲ್ಲ ಸರಿ. ಡಾಕ್ಟರ ಹತ್ತಿರ ಹೋಗುತ್ತಿದ್ದದ್ದು ಯಾವಾಗಲೂ ಬೆಳಿಗ್ಗೆ ಹತ್ತು ಗಂಟೆಗೆ. ಅವರು ಟಾರ್ಚ್ ಬಿಟ್ಟು ನೋಡಿ, ಏನೂ ತೊಂದರೆ ಇಲ್ಲ ಅನ್ನುತ್ತಿದ್ದರು. ಕನ್ನಡಕದ ನಂಬರ್ ಎರಡು ಸಲ ಬದಲಾಯಿತು. ಒಬ್ಬರು ನಿದ್ದೆ ಸಾಲುತ್ತಿಲ್ಲ ಅಂದರು, ಇನ್ನೊಬ್ಬರು ಟೆನ್ಷನ್ ಅಂದರು. ಏಳು ತಿಂಗಳು ಹೀಗೇ ಕಳೆಯಿತು. ಕೊನೆಗೊಂದು ದಿನ ಬೆಳಗಿನ ಅಪಾಯಿಂಟ್‌ಮೆಂಟ್ ಸಿಗದೆ ಸಂಜೆ ಆರಕ್ಕೆ ಹೋದೆವು. ಅವತ್ತೇ ಕಾಯಿಲೆ ಸಿಕ್ಕಿಬಿತ್ತು.

ಮಯಸ್ತೇನಿಯಾ ಗ್ರೇವಿಸ್ ಅಂದರೆ ಹಾಗೆಯೇ. ಸ್ನಾಯು ಸೋಲುವ ಈ ಕಾಯಿಲೆಯನ್ನು ಚಿಕ್ಕದಾಗಿ ಎಂಜಿ ಅನ್ನುತ್ತಾರೆ. ಅದು ಗಡಿಯಾರ ನೋಡಿಕೊಂಡು ಬರುತ್ತದೆ, ಗಡಿಯಾರ ನೋಡಿಕೊಂಡು ಹೋಗುತ್ತದೆ. ಪತ್ತೆ ಮಾಡುವಾಗಲೂ, ಮಾತ್ರೆ ನುಂಗುವಾಗಲೂ, ಅಪಾಯ ಗುರುತಿಸುವಾಗಲೂ ಹೊತ್ತು ಗಮನಿಸಿದವರೇ ಗೆಲ್ಲುವುದು. ನಾನು ಡಾಕ್ಟರ್ ಅಲ್ಲ, ಕಾಯಿಲೆಯವರ ಜೊತೆ ಓಡಾಡಿ ಕಲಿತವಳು. ಕೆಳಗೆ ಡೋಸ್ ಬರೆದಿರುವ ಕಡೆ ಅದು ಅಂದಾಜು ಸಿಗಲಿ ಎಂದು ಮಾತ್ರ. ಹೆಚ್ಚು ಕಡಿಮೆ ಮಾಡುವುದೆಲ್ಲ ನಿಮ್ಮ ನ್ಯೂರಾಲಜಿಸ್ಟ್ ಹೇಳಿದ ಹಾಗೆಯೇ.

ಒಳಗೆ ಏನಾಗುತ್ತದೆ

ಕೈ ಎತ್ತಬೇಕು ಅಂದುಕೊಂಡಾಗ ನರದ ತುದಿಯಿಂದ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಸ್ನಾಯುವಿನ ಮೇಲೆ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳಿವೆ. ಹಿಡಿದುಕೊಂಡರೆ ಸ್ನಾಯು ಬಿಗಿಯುತ್ತದೆ, ಕೈ ಏಳುತ್ತದೆ. ಎಂಜಿಯಲ್ಲಿ ನಮ್ಮದೇ ರೋಗ ನಿರೋಧಕ ವ್ಯವಸ್ಥೆ ದಾರಿ ತಪ್ಪಿ ಈ ರಿಸೆಪ್ಟರ್‌ಗಳ ಮೇಲೆ ಆಂಟಿಬಾಡಿ ಬಿಡುತ್ತದೆ. ಕೆಲವು ಮುಚ್ಚಿಹೋಗುತ್ತವೆ, ಕೆಲವು ಹಾಳಾಗುತ್ತವೆ. ನರ ಸರಿಯಿದೆ, ಸ್ನಾಯುವೂ ಸರಿಯಿದೆ. ಕೆಟ್ಟಿರುವುದು ಅವೆರಡೂ ಸೇರುವ ಜಾಗ.

ಹಾಗಿದ್ದರೆ ಬೆಳಿಗ್ಗೆ ಹೇಗೆ ಸರಿ ಇರುತ್ತದೆ? ಒಂದೇ ಕೆಲಸ ಮತ್ತೆ ಮತ್ತೆ ಮಾಡುವಾಗ ನರದಿಂದ ಬರುವ ಅಸೆಟೈಲ್‌ಕೋಲಿನ್ ಎಲ್ಲರಲ್ಲೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಆರೋಗ್ಯವಂತರಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಇರುವುದರಿಂದ ಅದು ಗೊತ್ತಾಗುವುದಿಲ್ಲ. ತುಂಬಿದ ಬಾವಿಯಲ್ಲಿ ಹತ್ತು ಕೊಡ ಸೇದಿದರೂ ನೀರಿಳಿದದ್ದು ಕಾಣುವುದಿಲ್ಲ. ತಳ ಕಂಡ ಬಾವಿಯಲ್ಲಿ ಎರಡನೇ ಕೊಡಕ್ಕೇ ಕೆಸರು ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ನೀರು ಒಸರುತ್ತದೆ. ಎಂಜಿ ಬಂದವರ ಸ್ನಾಯು ಆ ತಳ ಕಂಡ ಬಾವಿ. ಬಳಸಿದಷ್ಟೂ ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸುತ್ತದೆ.

ಇದು ಆಂಟಿಬಾಡಿಯ ಕೆಲಸ ಎಂಬ ಸುಳಿವು ಸಿಕ್ಕಿದ್ದು 1973ರಲ್ಲಿ, ಮೊಲಗಳಿಂದ. ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಎಂಬ ವಿಜ್ಞಾನಿಗಳು ವಿದ್ಯುತ್ ಹೊಡೆಯುವ ಈಲ್ ಮೀನಿನಿಂದ ಈ ರಿಸೆಪ್ಟರ್ ತೆಗೆದು ಮೊಲಗಳಿಗೆ ಚುಚ್ಚಿದ್ದರು. ಅದರ ವಿರುದ್ಧ ಆಂಟಿಬಾಡಿ ಬೆಳೆಯಲಿ ಅನ್ನುವುದಷ್ಟೇ ಅವರ ಲೆಕ್ಕ. ಮೊಲಗಳು ಕತ್ತು ಎತ್ತಲಾಗದೆ ಮಲಗಿಬಿಟ್ಟವು. ಎಂಜಿಗೆ ಕೊಡುವಂಥ ಔಷಧಿ ಕೊಟ್ಟ ಮೇಲೆ ಎದ್ದು ಕೂತವು.

ಮೊದಲ ಹಂತ: ಲಕ್ಷಣವನ್ನು ಅದರ ಹೊತ್ತಿನ ಜೊತೆ ಗುರುತಿಸಿ

ಮೂರರಲ್ಲಿ ಇಬ್ಬರಿಗೆ ಇದು ಕಣ್ಣಿನಲ್ಲೇ ಶುರುವಾಗುತ್ತದೆ. ಒಂದು ರೆಪ್ಪೆ ಜೋತು ಬೀಳುತ್ತದೆ, ಅಥವಾ ಎರಡೂ ಬೀಳುತ್ತವೆ, ಒಂದು ಜಾಸ್ತಿ ಒಂದು ಕಡಿಮೆ. ಒಂದೇ ವಸ್ತು ಎರಡಾಗಿ ಕಾಣುತ್ತದೆ. ಇಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಎರಡಾಗಿ ಕಾಣುವಾಗ ಒಂದು ಕಣ್ಣು ಮುಚ್ಚಿ ನೋಡಿ. ಒಂದೇ ಆಗಿ ಕಂಡರೆ, ಕಣ್ಣುಗಳನ್ನು ಒಟ್ಟಿಗೆ ತಿರುಗಿಸುವ ಸ್ನಾಯು ಹೊಂದಿಕೊಳ್ಳುತ್ತಿಲ್ಲ ಎಂದರ್ಥ. ಒಂದು ಕಣ್ಣು ಮುಚ್ಚಿದರೂ ಎರಡಾಗಿಯೇ ಕಂಡರೆ ತೊಂದರೆ ಕಣ್ಣಿನೊಳಗಿನದು, ಪೊರೆಯಂಥದ್ದು ಇರಬಹುದು. ಅದಕ್ಕೆ ಕಣ್ಣಿನ ಡಾಕ್ಟರೇ ಸರಿ.

ಕಣ್ಣಿನಲ್ಲಿ ಮಾತ್ರ ಶುರುವಾದವರಲ್ಲಿ ಸುಮಾರು ಅರ್ಧ ಜನರಿಗೆ ಮುಂದೆ ಬೇರೆ ಸ್ನಾಯುಗಳಿಗೂ ಬರುತ್ತದೆ, ಅದೂ ಬಹುತೇಕ ಮೊದಲ ಎರಡು ವರ್ಷದಲ್ಲಿ. ಹಾಗಾಗಿ ಆ ಎರಡು ವರ್ಷ ಬಾಯಿ, ಗಂಟಲು, ಉಸಿರಿನ ಮೇಲೆ ಕಣ್ಣಿಟ್ಟಿರಬೇಕು. ಊಟದ ಮೊದಲ ತುತ್ತು ಸಲೀಸು, ಅರ್ಧ ಊಟಕ್ಕೆ ದವಡೆ ಸೋತು ಕೈಯಿಂದ ಗದ್ದ ಹಿಡಿದುಕೊಳ್ಳುವ ಹಾಗೆ ಆಗುತ್ತದೆ. ಕುಡಿದ ನೀರು ಮೂಗಿನಿಂದ ಬರುತ್ತದೆ. ಫೋನಿನಲ್ಲಿ ಮಾತು ಶುರುವಾದಾಗ ಸ್ಪಷ್ಟ, ಹತ್ತು ನಿಮಿಷಕ್ಕೆ ಮೂಗಿನ ದನಿ. ತಲೆ ಬಾಚುವಾಗ ಕೈ ತಾನಾಗಿ ಕೆಳಗಿಳಿಯುತ್ತದೆ. ಮೆಟ್ಟಿಲು ಹತ್ತುವಾಗ ತೊಡೆ ಕೈಕೊಡುತ್ತದೆ. ನಗಲು ಹೋದರೆ ಮುಖ ಸಿಡುಕಿದ ಹಾಗೆ ಕಾಣುತ್ತದೆ, ಯಾಕೆಂದರೆ ತುಟಿಯ ಅಂಚು ಮೇಲೇಳುವುದೇ ಇಲ್ಲ. ಚಿಕ್ಕಮ್ಮನ ಆ ಸಮಯದ ಫೋಟೊ ನೋಡಿ ಯಾಕೆ ಇಷ್ಟು ಕೋಪ ಎಂದು ನಾವೇ ರೇಗಿಸಿದ್ದೆವು. ಈಗ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಯಾವ ವಯಸ್ಸಿಗಾದರೂ ಬರಬಹುದು. ನಲವತ್ತರೊಳಗಿನವರಲ್ಲಿ ಹೆಂಗಸರೇ ಜಾಸ್ತಿ, ಅರವತ್ತು ದಾಟಿದ ಮೇಲೆ ಗಂಡಸರು ಜಾಸ್ತಿ. ವಯಸ್ಸಾದವರಿಗೆ ಬಂದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ, ಹರೆಯದ ಹೆಣ್ಣುಮಕ್ಕಳಿಗೆ ಬಂದರೆ ಮನಸ್ಸಿನ ಮೇಲೆ ಹಾಕುತ್ತಾರೆ. ಎರಡೂ ತಪ್ಪೇ.

ಎಂಜಿ ಅಲ್ಲ ಎಂದು ಸೂಚಿಸುವ ಚಿಹ್ನೆಗಳೂ ಅಷ್ಟೇ ಮುಖ್ಯ. ಇದರಲ್ಲಿ ಜೋಮು ಹಿಡಿಯುವುದಿಲ್ಲ, ಸ್ಪರ್ಶ ಹೋಗುವುದಿಲ್ಲ, ಕಣ್ಣಿನ ಪಾಪೆ ದೊಡ್ಡದು ಚಿಕ್ಕದು ಆಗುವುದಿಲ್ಲ. ರೆಪ್ಪೆ ಬಿದ್ದ ಕಣ್ಣಿನ ಪಾಪೆ ಹಿಗ್ಗಿದ್ದರೆ, ತಲೆನೋವೂ ಇದ್ದರೆ, ಅಥವಾ ಇದ್ದಕ್ಕಿದ್ದಂತೆ ಮುಖ ಒಂದು ಕಡೆ ಸೊಟ್ಟಗಾಗಿ ಮಾತು ತೊದಲಿದರೆ ಹೊತ್ತು ಗಮನಿಸುತ್ತ ಕೂರಬೇಡಿ. ಅದು ಮೆದುಳಿನ ರಕ್ತನಾಳದ ತೊಂದರೆ ಇರಬಹುದು, ಆ ಕ್ಷಣವೇ ಆಸ್ಪತ್ರೆ. ಇನ್ನು ಇಡೀ ದಿನ ಸುಸ್ತು, ಮೈಕೈ ನೋವು, ಏನೂ ಬೇಡ ಅನ್ನಿಸುವುದು, ಇದು ಬೇರೆ. ಎಂಜಿಯದು ಸುಸ್ತಲ್ಲ, ನಿರ್ದಿಷ್ಟ ಸ್ನಾಯುವಿನ ಸೋಲು.

ಎರಡನೇ ಹಂತ: ಮನೆಯಲ್ಲೇ ಸಾಕ್ಷಿ ಕೂಡಿಸಿ

ನನ್ನ ಪ್ರಕಾರ ಇಡೀ ದಾರಿಯಲ್ಲಿ ರೋಗಿಯ ಕೈಯಲ್ಲಿರುವ ಅತಿ ದೊಡ್ಡ ಕೆಲಸ ಇದೇ. ಖರ್ಚಿಲ್ಲ, ಮೊಬೈಲ್ ಸಾಕು.

ಹತ್ತು ದಿನ, ಬೆಳಿಗ್ಗೆ ಎದ್ದ ಕೂಡಲೇ ಒಂದು ಫೋಟೊ, ಸಂಜೆ ಒಂದು ಫೋಟೊ ತೆಗೆಯಿರಿ. ಒಂದೇ ಜಾಗ, ಒಂದೇ ಬೆಳಕು, ನೇರ ನೋಟ, ಹುಬ್ಬು ಎತ್ತಬಾರದು. ಹುಬ್ಬಿನ ವಿಷಯ ಸುಮ್ನೆ ಹೇಳುತ್ತಿಲ್ಲ. ರೆಪ್ಪೆ ಸೋತವರು ಗೊತ್ತಿಲ್ಲದೆಯೇ ಹುಬ್ಬು ಮೇಲಕ್ಕೆತ್ತಿ ರೆಪ್ಪೆಯನ್ನು ಎಳೆದುಕೊಳ್ಳುತ್ತಾರೆ, ಫೋಟೊದಲ್ಲಿ ಕಾಯಿಲೆ ಮರೆಯಾಗುತ್ತದೆ.

ಆಮೇಲೆ ಕೆಲವು ವಿಡಿಯೊ. ತಲೆ ಅಲ್ಲಾಡಿಸದೆ ಒಂದು ನಿಮಿಷ ಮೇಲೆ ನೋಡುತ್ತಿರಿ. ರೆಪ್ಪೆ ನಿಧಾನಕ್ಕೆ ಇಳಿಯುತ್ತ ಬರುತ್ತದೆಯೇ? ಒಂದರಿಂದ ಐವತ್ತರವರೆಗೆ ಜೋರಾಗಿ ಎಣಿಸಿ. ದನಿ ಕೊನೆಗೆ ಮೂಗಿಗೆ ಹೋಗುತ್ತದೆಯೇ? ಎರಡೂ ಕೈ ಮುಂದೆ ಚಾಚಿ ಎರಡು ನಿಮಿಷ ಹಿಡಿಯಿರಿ. ಮುಗಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಕೂತು, ಮತ್ತೆ ಅದನ್ನೇ ಚಿತ್ರೀಕರಿಸಿ. ಸೋಲು, ಚೇತರಿಕೆ ಎರಡೂ ಒಂದೇ ವಿಡಿಯೊದಲ್ಲಿ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ರೆಪ್ಪೆ ಬಿದ್ದಿದ್ದರೆ ಐಸ್ ಪರೀಕ್ಷೆಯನ್ನೂ ಮಾಡಬಹುದು. ಡಾಕ್ಟರುಗಳೂ ಇದನ್ನೇ ಮಾಡುತ್ತಾರೆ. ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಮುಚ್ಚಿದ ರೆಪ್ಪೆಯ ಮೇಲೆ ಮೆತ್ತಗೆ ಎರಡು ನಿಮಿಷ ಇಡಿ. ತೆಗೆದ ಕೂಡಲೇ ಫೋಟೊ. ರೆಪ್ಪೆ 2 ಮಿಲಿಮೀಟರ್ ಅಥವಾ ಜಾಸ್ತಿ ಮೇಲೆ ಬಂದಿದ್ದರೆ ಎಂಜಿಯ ಕಡೆಗೆ ಬೆರಳು ತೋರಿಸುತ್ತದೆ. ತಂಪಿನಲ್ಲಿ ಅಸೆಟೈಲ್‌ಕೋಲಿನನ್ನು ಒಡೆಯುವ ಕಿಣ್ವ ನಿಧಾನವಾಗುತ್ತದೆ, ಇರುವಷ್ಟೇ ಹೆಚ್ಚು ಹೊತ್ತು ಕೆಲಸಕ್ಕೆ ಬರುತ್ತದೆ. ಉಲ್ಟಾ ಕೂಡ ನಿಜ. ಬಿಸಿನೀರಿನ ಸ್ನಾನ, ಸೆಖೆ, ಜ್ವರ ಎಲ್ಲ ಇದನ್ನು ಹೆಚ್ಚಿಸುತ್ತವೆ. ಐಸಿಗೆ ಏನೂ ಆಗಲಿಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ.

ನುಂಗಲು ಅಥವಾ ಉಸಿರಿಗೆ ಈಗಾಗಲೇ ತೊಂದರೆ ಇದ್ದರೆ ಈ ಯಾವ ಪರೀಕ್ಷೆಯನ್ನೂ ಮಾಡಬೇಡಿ. ನೇರ ಆಸ್ಪತ್ರೆ.

ಇಷ್ಟಾದ ಮೇಲೆ ಅಪಾಯಿಂಟ್‌ಮೆಂಟ್ ಸಂಜೆಗೆ ಕೇಳಿ. ಬೆಳಿಗ್ಗೆಯೇ ಹೋಗಬೇಕಾದರೆ ಹಿಂದಿನ ದಿನ ಸಂಜೆಯ ವಿಡಿಯೊವನ್ನು ಮೊಬೈಲಿನಲ್ಲಿ ಮೊದಲೇ ತೆರೆದಿಟ್ಟುಕೊಳ್ಳಿ. ಮಾತಿನಲ್ಲಿ ವಿವರಿಸಿ ಗೆಲ್ಲುವುದು ಕಷ್ಟ, ತೋರಿಸಿಬಿಡಿ.

ಮೂರನೇ ಹಂತ: ಪರೀಕ್ಷೆಗಳು

ಮೊದಲು ರಕ್ತ. ಅಸೆಟೈಲ್‌ಕೋಲಿನ್ ರಿಸೆಪ್ಟರ್ ಆಂಟಿಬಾಡಿ ಇದೆಯೇ ಎಂದು ನೋಡುತ್ತಾರೆ. ಮೈಯೆಲ್ಲ ಹರಡಿದ ಎಂಜಿಯಲ್ಲಿ ಸುಮಾರು 85 ಶೇಕಡಾ ಜನರಲ್ಲಿ ಇದು ಸಿಗುತ್ತದೆ. ಕಣ್ಣಿಗೆ ಮಾತ್ರ ಬಂದಿದ್ದರೆ ಸಿಗುವುದು ಅರ್ಧದಷ್ಟು ಜನರಲ್ಲಿ. ಸಿಕ್ಕರೆ ಬಹುಮಟ್ಟಿಗೆ ಪತ್ತೆಯಾದ ಹಾಗೆಯೇ. ಸಿಗದಿದ್ದರೆ ಮಸ್ಕ್ ಎಂಬ ಇನ್ನೊಂದು ಪ್ರೋಟೀನಿನ ಆಂಟಿಬಾಡಿ ನೋಡಬೇಕು. ಇದು ಗೊತ್ತಾದದ್ದು 2001ರಲ್ಲಿ. ಮಸ್ಕ್ ಇರುವವರಿಗೆ ಕಣ್ಣಿಗಿಂತ ಗಂಟಲು, ನಾಲಿಗೆ, ಕುತ್ತಿಗೆ, ಉಸಿರಿನ ತೊಂದರೆ ಜಾಸ್ತಿ. ಚಿಕಿತ್ಸೆಯೂ ಸ್ವಲ್ಪ ಬೇರೆ ಇರುವುದರಿಂದ ಈ ಪರೀಕ್ಷೆ ಬಿಡಬಾರದು. ಎಲ್‌ಆರ್‌ಪಿ4 ಎಂಬ ಮೂರನೆಯದೂ ಇದೆ, ಅಪರೂಪ. ಇನ್ನು ಕೆಲವರಲ್ಲಿ ಯಾವುದೂ ಸಿಗುವುದಿಲ್ಲ, ಆದರೂ ಕಾಯಿಲೆ ಇರುತ್ತದೆ. "ರಿಪೋರ್ಟ್ ನೆಗೆಟಿವ್, ಹಾಗಾಗಿ ನಿಮಗೆ ಏನೂ ಇಲ್ಲ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಫೈಲ್ ಮುಚ್ಚಬೇಡಿ.

ಇನ್ನೊಂದು ಮಾತು. ಆಂಟಿಬಾಡಿಯ ಅಂಕಿ ಜಾಸ್ತಿ ಇದ್ದರೆ ಕಾಯಿಲೆ ಜೋರು ಎಂದಲ್ಲ. ಒಬ್ಬರ ಅಂಕಿಗೂ ಇನ್ನೊಬ್ಬರ ಅಂಕಿಗೂ ಹೋಲಿಸಿ ಕಂಗಾಲಾಗುವವರನ್ನು ನೋಡಿದ್ದೇನೆ.

ಎರಡನೆಯದು ನರದ ಪರೀಕ್ಷೆ. ಒಂದು ನರಕ್ಕೆ ಸೆಕೆಂಡಿಗೆ 2–3 ಸಲ ಸಣ್ಣ ಕರೆಂಟ್ ಕೊಟ್ಟು ಸ್ನಾಯುವಿನ ಉತ್ತರ ಅಳೆಯುತ್ತಾರೆ. ಮೊದಲ ಉತ್ತರಕ್ಕಿಂತ ನಾಲ್ಕನೆಯದೋ ಐದನೆಯದೋ 10 ಶೇಕಡಾಕ್ಕಿಂತ ಹೆಚ್ಚು ಕುಗ್ಗಿದರೆ ಅನುಮಾನ ಗಟ್ಟಿ. ಸ್ವಲ್ಪ ಚುರುಕು ಹೊಡೆಯುತ್ತದೆ, ತಡೆದುಕೊಳ್ಳಬಹುದು. ಸೋಲುತ್ತಿರುವ ಸ್ನಾಯುವನ್ನೇ ಪರೀಕ್ಷಿಸುತ್ತಿದ್ದಾರೆಯೇ ಎಂದು ಕೇಳಿ. ರೆಪ್ಪೆಯ ತೊಂದರೆಗೆ ಕೈ ಮಾತ್ರ ಪರೀಕ್ಷಿಸಿದರೆ ಏನೂ ಸಿಗದೆ ಹೋಗಬಹುದು. ತಣ್ಣಗಿರುವ ಕೈಯಲ್ಲಿ ಮಾಡಿದರೂ ಕಾಯಿಲೆ ಬಚ್ಚಿಟ್ಟುಕೊಳ್ಳುತ್ತದೆ, ಐಸ್ ಪರೀಕ್ಷೆಯ ಕಾರಣವೇ. ಎಂಜಿಗೆ ಮೊದಲು ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ (ಅದರ ವಿಷಯ ಮುಂದಿನ ಹಂತದಲ್ಲಿದೆ) ಶುರು ಮಾಡಿದ್ದರೆ, ಪರೀಕ್ಷೆಗೆ ಮುಂಚೆ ಎಷ್ಟು ಗಂಟೆ ನಿಲ್ಲಿಸಬೇಕು, ನಿಲ್ಲಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಇದೂ ಸರಿ ಬಂದರೆ ಸಿಂಗಲ್ ಫೈಬರ್ ಇಎಂಜಿ ಎಂಬ ಇನ್ನೂ ಸೂಕ್ಷ್ಮ ಪರೀಕ್ಷೆ ಇದೆ. ಎಲ್ಲ ಕಡೆ ಮಾಡುವುದಿಲ್ಲ, ನುರಿತ ಕೈ ಬೇಕು. ಸೋತ ಸ್ನಾಯುವಿನಲ್ಲೇ ಮಾಡಿ ಅದು ಪೂರ್ತಿ ಸರಿ ಬಂದರೆ ಎಂಜಿಯ ಸಾಧ್ಯತೆ ಬಹಳ ಕಡಿಮೆ.

ಹಳೆಯ ಲೇಖನಗಳಲ್ಲಿ ಟೆನ್ಸಿಲಾನ್ ಪರೀಕ್ಷೆಯ ಹೆಸರು ಸಿಗುತ್ತದೆ. ಚುಚ್ಚುಮದ್ದು ಕೊಟ್ಟ ಒಂದು ನಿಮಿಷದೊಳಗೆ ರೆಪ್ಪೆ ಏಳುವುದನ್ನು ನೋಡುವುದು. ಹೃದಯ ಬಡಿತ ಇಳಿಯುವ ಅಪಾಯ ಇರುವುದರಿಂದ ಈಗ ಹೆಚ್ಚು ಬಳಕೆಯಲ್ಲಿಲ್ಲ.

ಮೂರನೆಯದು ಎದೆಯ ಸಿಟಿ ಸ್ಕ್ಯಾನ್. ಕಣ್ಣಿನ ಕಾಯಿಲೆಗೆ ಎದೆ ಸ್ಕ್ಯಾನ್ ಯಾಕೆ ಎಂದು ಚಿಕ್ಕಮ್ಮ ಜಗಳವಾಡಿದ್ದರು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ರೋಗ ನಿರೋಧಕ ಕಣಗಳು ಪಾಠ ಕಲಿಯುವ ಜಾಗ ಅದು. ದೊಡ್ಡವರಾದ ಮೇಲೆ ಕುಗ್ಗಿಹೋಗಬೇಕು. ಎಂಜಿ ಇರುವ ಅನೇಕರಲ್ಲಿ ಕುಗ್ಗದೆ ಚುರುಕಾಗಿಯೇ ಇರುತ್ತದೆ. 10–15 ಶೇಕಡಾ ಜನರಲ್ಲಿ ಅಲ್ಲಿ ಥೈಮೋಮಾ ಎಂಬ ಗಡ್ಡೆಯೂ ಇರುತ್ತದೆ. ಅದಕ್ಕೇ ಎಂಜಿ ಖಚಿತವಾದ ಎಲ್ಲರಿಗೂ ಈ ಸ್ಕ್ಯಾನ್. ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸುತ್ತಾರೆ, ಎರಡೂ ಒಟ್ಟಿಗೆ ಬರುವುದುಂಟು.

ನಾಲ್ಕನೇ ಹಂತ: ಮಾತ್ರೆಯನ್ನು ಗಡಿಯಾರಕ್ಕೆ ಕಟ್ಟುವುದು

ಪಿರಿಡೋಸ್ಟಿಗ್ಮಿನ್ ಮೊದಲ ಮಾತ್ರೆ. ಇದರ ಅಣ್ಣನಂಥ ಔಷಧಿಯ ಕಥೆ ಚೆನ್ನಾಗಿದೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಆಸ್ಪತ್ರೆಯೊಂದರಲ್ಲಿದ್ದ ಮೇರಿ ವಾಕರ್ ಎಂಬ ವೈದ್ಯೆಗೆ, ಈ ರೋಗಿಗಳು ಕ್ಯುರಾರೆ ಎಂಬ ಬಾಣದ ವಿಷ ತಗುಲಿದವರ ಹಾಗೆ ಇದ್ದಾರಲ್ಲ ಅನ್ನಿಸಿತು. ಆ ವಿಷಕ್ಕೆ ಕೊಡುವ ಫೈಸೋಸ್ಟಿಗ್ಮಿನ್ ಚುಚ್ಚಿ ನೋಡಿದರು. ಜೋತು ಬಿದ್ದ ರೆಪ್ಪೆ ಎದ್ದಿತು. ಇವತ್ತಿನ ಮಾತ್ರೆಯೂ ಅದೇ ದಾರಿಯದು. ಅಸೆಟೈಲ್‌ಕೋಲಿನ್ ಬೇಗ ಒಡೆಯದ ಹಾಗೆ ತಡೆಯುತ್ತದೆ.

ನುಂಗಿದ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ಕೆಲಸ ಶುರು, ಮೂರು ನಾಲ್ಕು ಗಂಟೆಯಲ್ಲಿ ಇಳಿಮುಖ. ದಿನಕ್ಕೆ ಮೂರು ಸಲ 30 ಮಿಲಿಗ್ರಾಂನಿಂದ ಶುರು ಮಾಡಿ 60ಕ್ಕೆ ಏರಿಸುವುದು ವಾಡಿಕೆ. ಆಮೇಲೆ ಎಷ್ಟು ಹೊತ್ತಿಗೊಮ್ಮೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಇಲ್ಲಿ ಒಂದು ಡೈರಿ ಕೆಲಸಕ್ಕೆ ಬರುತ್ತದೆ. ಮಾತ್ರೆ ತೆಗೆದುಕೊಂಡ ಹೊತ್ತು, ಚೇತರಿಸಿದ ಹೊತ್ತು, ಮತ್ತೆ ಸೋತ ಹೊತ್ತು, ಈ ಮೂರನ್ನು ಒಂದು ವಾರ ಬರೆದರೆ ಡಾಕ್ಟರಿಗೆ ನಿಮ್ಮ ವೇಳಾಪಟ್ಟಿ ತಾನಾಗಿ ಸಿಗುತ್ತದೆ. ಅಗಿಯಲು ನುಂಗಲು ಕಷ್ಟ ಇರುವವರು ಊಟಕ್ಕೆ ಅರ್ಧ ಗಂಟೆಗೂ ಸ್ವಲ್ಪ ಮುಂಚೆ ತೆಗೆದುಕೊಳ್ಳಬೇಕು. ಮಾತ್ರೆ ನುಂಗಿ ಕೂಡಲೇ ತಟ್ಟೆ ಮುಂದೆ ಕೂತರೆ ಅದರ ಪ್ರಯೋಜನ ಊಟ ಮುಗಿದ ಮೇಲೆ ಬರುತ್ತದೆ, ಅಲ್ವಾ?

ಹೊಟ್ಟೆ ನುಲಿಯುವುದು, ಭೇದಿ, ಜೊಲ್ಲು, ಬೆವರು, ಸ್ನಾಯು ಅಲ್ಲಲ್ಲಿ ಅದುರುವುದು, ಇವು ಸಾಮಾನ್ಯ ತೊಂದರೆಗಳು. ಸ್ವಲ್ಪ ತಿಂಡಿಯ ಜೊತೆ ತೆಗೆದುಕೊಂಡರೆ ಹೊಟ್ಟೆಗೆ ಹಿತ. ಅಸ್ತಮಾ, ನಿಧಾನ ಹೃದಯ ಬಡಿತ, ಮೂತ್ರ ಕಟ್ಟುವ ತೊಂದರೆ ಇದ್ದರೆ ಮೊದಲೇ ಹೇಳಿ. ಮರೆತ ಡೋಸಿಗೆ ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ. ಸಾಲುತ್ತಿಲ್ಲ ಎಂದು ಏರಿಸುತ್ತಲೇ ಹೋದರೆ ಮಾತ್ರೆಯೇ ಸ್ನಾಯುವನ್ನು ಸೋಲಿಸುವ ಸ್ಥಿತಿಯೂ ಬರುತ್ತದೆ. ಮಸ್ಕ್ ಇರುವವರಿಗೆ ಈ ಮಾತ್ರೆ ಅಷ್ಟಾಗಿ ಹಿಡಿಸುವುದಿಲ್ಲ.

ಒಂದು ವಿಷಯ ನೆನಪಿರಲಿ. ಇದು ಲಕ್ಷಣಕ್ಕೆ ಮದ್ದು, ಮೂಲಕ್ಕಲ್ಲ. ಕಣ್ಣಿಗೆ ಮಾತ್ರ ಬಂದ ಕೆಲವರಿಗೆ ಇಷ್ಟೇ ಸಾಕಾಗುತ್ತದೆ. ಬಹಳ ಜನರಿಗೆ ಸಾಕಾಗುವುದಿಲ್ಲ.

ಐದನೇ ಹಂತ: ಮೂಲಕ್ಕೆ ಕೈ ಹಾಕುವ ಔಷಧಿಗಳು

ಸ್ಟೀರಾಯ್ಡ್ ಅಂದರೆ ಎಲ್ಲರಿಗೂ ಹೆದರಿಕೆ. ನನಗೂ ಇತ್ತು. ಆದರೆ ಎಂಜಿಯಲ್ಲಿ ಆಂಟಿಬಾಡಿ ಹುಟ್ಟುವುದನ್ನು ತಗ್ಗಿಸಲು ಪ್ರೆಡ್ನಿಸೋಲೋನ್ ಇವತ್ತಿಗೂ ಮೊದಲ ಆಯ್ಕೆ. ಇದರ ಒಂದು ವಿಚಿತ್ರ ಗುಣ ಮೊದಲೇ ತಿಳಿದಿರಬೇಕು. ದೊಡ್ಡ ಡೋಸಿನಿಂದ ಶುರು ಮಾಡಿದರೆ ಮೊದಲ ಎರಡು ವಾರದಲ್ಲಿ ಕಾಯಿಲೆ ಇನ್ನೂ ಜಾಸ್ತಿಯಾಗಬಹುದು. ಅದಕ್ಕೇ ಬಹಳಷ್ಟು ಡಾಕ್ಟರುಗಳು ಸಣ್ಣದರಿಂದ ನಿಧಾನವಾಗಿ ಏರಿಸುತ್ತಾರೆ, ಇಲ್ಲವೇ ಆಸ್ಪತ್ರೆಯಲ್ಲಿಟ್ಟುಕೊಂಡು ಶುರು ಮಾಡುತ್ತಾರೆ. ಗುಣ ಕಾಣಲು ವಾರಗಳು ಬೇಕು. ಒಳ್ಳೆಯದಾದ ಮೇಲೆ ಇಳಿಸುವುದೂ ಅಷ್ಟೇ ನಿಧಾನ, ತಿಂಗಳುಗಟ್ಟಲೆ. ಒಂದೇ ಸಲ ನಿಲ್ಲಿಸಬಾರದು, ಯಾರು ಹೇಳಿದರೂ. ಶುಗರ್, ಬಿಪಿ, ತೂಕ, ಮೂಳೆ, ಕಣ್ಣಿನ ಪೊರೆ, ಇವುಗಳ ತಪಾಸಣೆ ನಡುನಡುವೆ ಆಗುತ್ತಿರಬೇಕು. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕೇ ಎಂದು ಮೊದಲ ದಿನವೇ ಕೇಳಿ.

ಸ್ಟೀರಾಯ್ಡ್ ಕಡಿಮೆ ಮಾಡಲು ಅಜಥಯೋಪ್ರಿನ್ ಅಥವಾ ಮೈಕೋಫಿನೋಲೇಟ್ ಜೊತೆಗೆ ಸೇರಿಸುತ್ತಾರೆ. ಅಜಥಯೋಪ್ರಿನ್ ಆಮೆಯ ಹಾಗೆ. ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು ಅದರ ಫಲ ಕಾಣಲು. ಮೂರು ತಿಂಗಳಿಗೆ ಬೇಸತ್ತು ಬಿಟ್ಟರೆ ಆ ಮೂರು ತಿಂಗಳೂ ವ್ಯರ್ಥ. ಇದನ್ನು ಅರಗಿಸುವ ಟಿಪಿಎಂಟಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಹಾಗಾಗಿ ಆ ಪರೀಕ್ಷೆ ಮೊದಲು ಮಾಡಿಸುವುದು ಒಳ್ಳೆಯದು. ಶುರುವಾದ ಮೇಲೆ ರಕ್ತಕಣ, ಲಿವರ್ ಪರೀಕ್ಷೆ ತಪ್ಪಿಸಬಾರದು. ಯೂರಿಕ್ ಆಸಿಡ್‌ಗೆ ಅಲೋಪ್ಯುರಿನಾಲ್ ತೆಗೆದುಕೊಳ್ಳುತ್ತಿದ್ದರೆ ಖಂಡಿತ ಹೇಳಿ, ಅವೆರಡೂ ಸೇರಿದರೆ ಅಪಾಯ. ಮೈಕೋಫಿನೋಲೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ, ಗರ್ಭಿಣಿಯಾಗುವ ಯೋಚನೆ ಇದ್ದರೆ ಬೇಡ. ಈ ಬಗೆಯ ಔಷಧಿ ಶುರು ಮಾಡುವ ಮುಂಚೆ ಕ್ಷಯ, ಹೆಪಟೈಟಿಸ್ ಬಿ ಅಡಗಿ ಕೂತಿವೆಯೇ ಎಂದು ನೋಡಿಕೊಳ್ಳುವುದು ಕ್ಷೇಮ. ಮಸ್ಕ್ ಇರುವವರಿಗೆ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ.

ಇತ್ತೀಚೆಗೆ ಹೊಸ ಬಗೆಯ ಔಷಧಿಗಳೂ ಬಂದಿವೆ. 2017ರಲ್ಲಿ ಅಮೆರಿಕದಲ್ಲಿ ಎಂಜಿಗೆ ಒಪ್ಪಿಗೆ ಪಡೆದ ಎಕುಲಿಜುಮ್ಯಾಬ್, ಆಂಟಿಬಾಡಿ ಕೂತ ಮೇಲೆ ನಡೆಯುವ ಹಾನಿಯನ್ನು ತಡೆಯುತ್ತದೆ. ಅದನ್ನು ತೆಗೆದುಕೊಳ್ಳುವ ಮುಂಚೆ ಮೆನಿಂಜೈಟಿಸ್ ಲಸಿಕೆ ಹಾಕಿಸಲೇಬೇಕು. 2021ರ ಕೊನೆಗೆ ಬಂದ ಎಫ್‌ಗಾರ್ಟಿಜಿಮಾಡ್ ರಕ್ತದಲ್ಲಿರುವ ಆಂಟಿಬಾಡಿಯನ್ನೇ ಬೇಗ ಕಳೆಯುತ್ತದೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಬಹುತೇಕರು ಹಳೆಯ ಔಷಧಿಗಳಲ್ಲೇ ಚೆನ್ನಾಗಿರುತ್ತಾರೆ, ಹಾಗಾಗಿ ಇವು ಸಿಗಲಿಲ್ಲ ಎಂದು ಕೊರಗಬೇಡಿ.

ಥೈಮಸ್ ತೆಗೆಯುವ ಆಪರೇಷನ್

ಗಡ್ಡೆ ಇದ್ದರೆ ಪ್ರಶ್ನೆಯೇ ಇಲ್ಲ, ತೆಗೆಯಬೇಕು. ಗಡ್ಡೆ ಇಲ್ಲದವರಿಗೆ ತೆಗೆದರೆ ಲಾಭವೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. 2016ರಲ್ಲಿ 126 ರೋಗಿಗಳ ಒಂದು ಪ್ರಯೋಗದ ಫಲ ಪ್ರಕಟವಾಯಿತು. ಆಪರೇಷನ್ ಮತ್ತು ಸ್ಟೀರಾಯ್ಡ್ ಎರಡೂ ಸಿಕ್ಕವರು, ಸ್ಟೀರಾಯ್ಡ್ ಮಾತ್ರ ಸಿಕ್ಕವರಿಗಿಂತ ಮೂರು ವರ್ಷದಲ್ಲಿ ಚೆನ್ನಾಗಿದ್ದರು, ಅವರಿಗೆ ಕಡಿಮೆ ಸ್ಟೀರಾಯ್ಡ್ ಸಾಕಾಯಿತು. ಅದರಲ್ಲಿದ್ದವರು 18ರಿಂದ 65 ವರ್ಷದವರು, ಮೈಯೆಲ್ಲ ಹರಡಿದ ಎಂಜಿ, ರಿಸೆಪ್ಟರ್ ಆಂಟಿಬಾಡಿ ಇದ್ದವರು, ಕಾಯಿಲೆ ಬಂದು ಐದು ವರ್ಷ ದಾಟದವರು. ನೀವು ಈ ಗುಂಪಿಗೆ ಸೇರಿದರೆ ಬೇಗ ಕೇಳುವುದು ವಾಸಿ. ಮಸ್ಕ್ ಇರುವವರಿಗೆ ಗಡ್ಡೆ ಇಲ್ಲದಿದ್ದರೆ ಸಾಮಾನ್ಯವಾಗಿ ಹೇಳುವುದಿಲ್ಲ.

ಇದು ತುರ್ತು ಆಪರೇಷನ್ ಅಲ್ಲ. ಉಸಿರು, ನುಂಗುವುದು ಹತೋಟಿಗೆ ಬಂದ ಮೇಲೆಯೇ ಮಾಡಬೇಕು. ಫಲ ಕಾಣಲು ತಿಂಗಳುಗಳು, ಕೆಲವರಿಗೆ ವರ್ಷಗಳು. ಮರುದಿನವೇ ರೆಪ್ಪೆ ಏಳುತ್ತದೆ ಎಂದುಕೊಂಡು ಹೋದರೆ ನಿರಾಸೆ ಗ್ಯಾರಂಟಿ.

ಉಸಿರಿಗೆ ಬಂದಾಗ: ಇದನ್ನು ಮನೆಯವರೆಲ್ಲ ಓದಬೇಕು

ಉಸಿರಾಟದ ಸ್ನಾಯು ಸೋತರೆ ಅದಕ್ಕೆ ಮಯಸ್ತೇನಿಕ್ ಕ್ರೈಸಿಸ್ ಅನ್ನುತ್ತಾರೆ. ಎಂಜಿ ಇರುವ ನೂರರಲ್ಲಿ 15–20 ಜನರಿಗೆ ಒಮ್ಮೆಯಾದರೂ ಇದು ಬರುತ್ತದೆ. ಸೋಂಕು, ಆಪರೇಷನ್, ಬೇಡದ ಔಷಧಿ, ಮಾತ್ರೆ ಬಿಟ್ಟಿದ್ದು, ಹೀಗೆ ಏನಾದರೂ ನೆಪ ಸಾಕು.

ಮೋಸ ಹೋಗುವುದು ಎಲ್ಲಿ ಎಂದರೆ, ರೋಗಿ ಒದ್ದಾಡುವುದೇ ಇಲ್ಲ. ಬೇರೆಯವರಿಗೆ ಉಸಿರು ಕಟ್ಟಿದರೆ ಎದೆ ಎಳೆಯುತ್ತದೆ, ಮುಖದಲ್ಲಿ ಗಾಬರಿ ಕಾಣುತ್ತದೆ. ಇಲ್ಲಿ ಎಳೆಯುವ ಸ್ನಾಯುವೇ ಸೋತಿದೆ, ಮುಖದ ಸ್ನಾಯುವೂ ಸೋತಿದೆ. ಶಾಂತವಾಗಿ ಕೂತ ಹಾಗೆ ಕಾಣುತ್ತಾರೆ. ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸುತ್ತಿದೆ ಎಂದು ಸುಮ್ಮನಿರಬೇಡಿ, ಅದು ಇಳಿಯುವುದು ಕಟ್ಟಕಡೆಗೆ.

ಹಾಗಾದರೆ ಏನು ನೋಡಬೇಕು? ಅಂಗಾತ ಮಲಗಲು ಆಗದೆ ಎದ್ದು ಕೂರುತ್ತಾರೆ. ಒಂದು ವಾಕ್ಯ ಹೇಳಲು ಎರಡು ಮೂರು ಸಲ ಉಸಿರು ಎಳೆದುಕೊಳ್ಳುತ್ತಾರೆ. ಕೆಮ್ಮಿಗೆ ಬಲ ಇಲ್ಲ. ಜೊಲ್ಲು ನುಂಗಲಾಗದೆ ಸೋರುತ್ತದೆ. ಕತ್ತು ಮುಂದಕ್ಕೆ ವಾಲುತ್ತದೆ. ಇನ್ನೊಂದು ಸುಲಭದ ಅಳತೆ: ಪೂರ್ತಿ ಉಸಿರು ತೆಗೆದುಕೊಂಡು, ಒಂದೇ ಉಸಿರಿನಲ್ಲಿ, ಸೆಕೆಂಡಿಗೆ ಎರಡರಂತೆ ಎಣಿಸಿ. ಆರೋಗ್ಯವಂತರು 40–50 ಮುಟ್ಟುತ್ತಾರೆ. ಚೆನ್ನಾಗಿರುವ ದಿನ ನಿಮ್ಮದು ಎಷ್ಟು ಎಂದು ಬರೆದಿಟ್ಟುಕೊಳ್ಳಿ. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಡಾಕ್ಟರಿಗೆ ಫೋನ್. 20ರ ಕೆಳಗೆ ಬಂದರೆ ಫೋನ್ ಬೇಡ, ಐಸಿಯು ಇರುವ ಆಸ್ಪತ್ರೆಗೆ ಹೊರಡಿ. ನುಂಗಲು ಆಗದವರ ಬಾಯಿಗೆ ದಾರಿಯಲ್ಲಿ ನೀರು, ಮಾತ್ರೆ ಹಾಕಬೇಡಿ.

ಆಸ್ಪತ್ರೆಯಲ್ಲಿ ಬೇಕಾದರೆ ವೆಂಟಿಲೇಟರ್ ಇಡುತ್ತಾರೆ. ಜೊತೆಗೆ ಐವಿಐಜಿ ಅಥವಾ ಪ್ಲಾಸ್ಮಾ ಬದಲಾವಣೆ. ಐವಿಐಜಿ ಎಂದರೆ ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ, ದೇಹದ ತೂಕದ ಪ್ರತಿ ಕಿಲೋಗೆ ಒಟ್ಟು 2 ಗ್ರಾಂ, ಎರಡರಿಂದ ಐದು ದಿನದಲ್ಲಿ ಡ್ರಿಪ್ ಮೂಲಕ. ಪ್ಲಾಸ್ಮಾ ಬದಲಾವಣೆಯಲ್ಲಿ ಯಂತ್ರದ ಮೂಲಕ ರಕ್ತದ ದ್ರವ ಭಾಗ ತೆಗೆದು ಕೆಟ್ಟ ಆಂಟಿಬಾಡಿಯನ್ನು ಹೊರಹಾಕುತ್ತಾರೆ, ಸಾಮಾನ್ಯವಾಗಿ ಐದು ಸಲ, ದಿನ ಬಿಟ್ಟು ದಿನ. ಎರಡೂ ಕೆಲವೇ ದಿನಗಳಲ್ಲಿ ಕೆಲಸ ಮಾಡುತ್ತವೆ, ಆದರೆ ಕೆಲವು ವಾರ ಮಾತ್ರ ಉಳಿಯುತ್ತವೆ. ಆ ಸಮಯದಲ್ಲಿ ನಿಧಾನದ ಔಷಧಿಗಳು ಕೈಗೆ ಬರಬೇಕು. ವೆಂಟಿಲೇಟರ್ ಅಂದ ಕೂಡಲೇ ಮನೆಯವರು ಆಸೆ ಬಿಟ್ಟುಬಿಡುತ್ತಾರೆ. ಎಂಜಿಯಲ್ಲಿ ಹೆಚ್ಚಿನವರು ಅದರಿಂದ ಹೊರಬಂದು ನಡೆದುಕೊಂಡು ಮನೆಗೆ ಹೋಗುತ್ತಾರೆ.

ಜೇಬಿನಲ್ಲಿ ಇರಬೇಕಾದ ಚೀಟಿ

ಎಂಜಿ ಇರುವವರಿಗೆ ಆಗಿಬರದ ಔಷಧಿಗಳ ಪಟ್ಟಿ ದೊಡ್ಡದು. ಸದಾ ಎದುರಾಗುವವು ಇವು. ಆಂಟಿಬಯಾಟಿಕ್‌ಗಳಲ್ಲಿ ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್, ಅಜಿಥ್ರೋಮೈಸಿನ್, ಜೆಂಟಾಮೈಸಿನ್. ಬಿಪಿ ಮತ್ತು ನಡುಕಕ್ಕೆ ಕೊಡುವ ಪ್ರೊಪ್ರನಾಲಾಲ್‌ನಂಥವು. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ, ಅದು ಔಷಧಿಯೇ ಅಲ್ಲ ಎಂದುಕೊಂಡು ಡಾಕ್ಟರಿಗೆ ಹೇಳಲು ಮರೆಯುತ್ತಾರೆ. ಮಲೇರಿಯಾಕ್ಕೆ ಕ್ವಿನೈನ್. ಡ್ರಿಪ್‌ನಲ್ಲಿ ಕೊಡುವ ಮೆಗ್ನೀಶಿಯಂ. ಮುಖದ ಸುಕ್ಕಿಗೆ ಚುಚ್ಚುವ ಬೊಟುಲಿನಂ. ಕ್ಯಾನ್ಸರಿಗೆ ಕೊಡುವ ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಇಲ್ಲದ ಎಂಜಿಯನ್ನೂ ಹುಟ್ಟಿಸಬಲ್ಲವು. ಇವುಗಳಲ್ಲಿ ಕೆಲವನ್ನು ಬೇರೆ ದಾರಿ ಇಲ್ಲದಾಗ, ಕಣ್ಣಿಟ್ಟುಕೊಂಡು, ಡಾಕ್ಟರ್ ಕೊಡುತ್ತಾರೆ. ಜ್ವರಕ್ಕೆ ನೀವೇ ಅಂಗಡಿಯಿಂದ ಆಂಟಿಬಯಾಟಿಕ್ ತರುವುದು ಮಾತ್ರ ಬೇಡವೇ ಬೇಡ.

ಚೀಟಿಯಲ್ಲಿ ಕಾಯಿಲೆಯ ಹೆಸರು, ಯಾವ ಆಂಟಿಬಾಡಿ, ಈಗಿನ ಔಷಧಿಗಳು ಹೊತ್ತಿನ ಸಮೇತ, ನ್ಯೂರಾಲಜಿಸ್ಟ್ ನಂಬರ್ ಇರಲಿ. ಹಲ್ಲಿನ ಡಾಕ್ಟರಿಗೂ ತೋರಿಸಿ. ಯಾವ ಆಪರೇಷನ್ ಇದ್ದರೂ ಅರಿವಳಿಕೆ ಕೊಡುವವರನ್ನು ಮೊದಲೇ ಭೇಟಿಯಾಗಿ. ಸ್ನಾಯು ಸಡಿಲಿಸಲು ಅವರು ಕೊಡುವ ಔಷಧಿಗಳು ಎಂಜಿಯವರಲ್ಲಿ ಬೇರೆ ಥರ ವರ್ತಿಸುತ್ತವೆ. ಫ್ಲೂ ಲಸಿಕೆ ಹಾಕಿಸಬಹುದು, ಹಾಕಿಸಬೇಕು ಕೂಡ. ನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿ ಇರುವವರು ಜೀವಂತ ಲಸಿಕೆಗಳಿಂದ ದೂರ ಇರಬೇಕು.

ಗರ್ಭಿಣಿಯರು ಎಂಜಿ ಇದ್ದೂ ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಆದರೆ ತಾಯಿಯ ಆಂಟಿಬಾಡಿ ಮಗುವಿಗೆ ದಾಟಿ, 10–20 ಶೇಕಡಾ ಮಕ್ಕಳಿಗೆ ಹುಟ್ಟಿದ ಮೊದಲ ದಿನಗಳಲ್ಲಿ ಹಾಲು ಚೀಪಲು, ಅಳಲು ಬಲ ಇರುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಹಾಗಾಗಿ ಹೆರಿಗೆ, ಮಕ್ಕಳ ಐಸಿಯು ಇರುವ ಕಡೆ ಆಗಲಿ.

ದಿನದ ಲೆಕ್ಕ

ಶಕ್ತಿ ಬೇಡುವ ಕೆಲಸ ಬೆಳಿಗ್ಗೆ, ಅಥವಾ ಮಾತ್ರೆ ಏರಿದ ಗಂಟೆಯಲ್ಲಿ. ದೊಡ್ಡ ಊಟ ಮಧ್ಯಾಹ್ನ, ರಾತ್ರಿ ಮೆತ್ತನೆಯದು. ತಿನ್ನುವಾಗ ಮಾತು ಬೇಡ, ಗದ್ದ ಸ್ವಲ್ಪ ಕೆಳಗಿಳಿಸಿ ನುಂಗಿದರೆ ಶ್ವಾಸನಾಳಕ್ಕೆ ಹೋಗುವುದು ಕಡಿಮೆ. ಎರಡಾಗಿ ಕಾಣುವ ದಿನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಿ, ಗಾಡಿ ಓಡಿಸಬೇಡಿ. ಕಾಯಿಲೆ ಹತೋಟಿಯಲ್ಲಿದ್ದರೆ ನಡಿಗೆ, ಹಗುರ ವ್ಯಾಯಾಮ ಒಳ್ಳೆಯದೇ, ಸೋಲು ಕಾಣುವ ಮುಂಚೆ ನಿಲ್ಲಿಸಿದರೆ ಸರಿ.

ಒಂದೆರಡು ವರ್ಷ ಚೆನ್ನಾಗಿದ್ದ ಮೇಲೆ ಮಾತ್ರೆ ಇಳಿಸುವ ಮಾತು ಬರುತ್ತದೆ. ಒಂದು ಸಲಕ್ಕೆ ಒಂದೇ ಔಷಧಿ ಇಳಿಸುವುದು, ಅದೂ ಸ್ವಲ್ಪ ಸ್ವಲ್ಪ. ಆಗ ಬೆಳಿಗ್ಗೆ ಸಂಜೆಯ ಫೋಟೊ ಮತ್ತೆ ಶುರು ಮಾಡಬೇಕು. ಚಿಕ್ಕಮ್ಮನದು ಈಗ ಅದೇ ಹಂತ. ಸ್ಟೀರಾಯ್ಡ್ 5 ಮಿಲಿಗ್ರಾಂಗೆ ಬಂದಿದೆ. ಸಂಜೆ ಆರಕ್ಕೆ ಅಲಾರಂ ಹೊಡೆದರೆ ಕಿಟಕಿಯ ಹತ್ತಿರ ನಿಂತು, ಹುಬ್ಬು ಎತ್ತದೆ, ಫೋಟೊ ತೆಗೆಸಿಕೊಳ್ಳುತ್ತಾರೆ.